ಧ್ರುವ ಸಮುದ್ರದ ಮೋಡಗಳೊಳಗೆ ಏನಾಗುತ್ತದೆ? ಹೈದರಾಬಾದ್‌ನ ಬಾಲಾನಗರಕ್ಕೂ ಅಂಟಾರ್ಕ್ಟಿಕಾಕ್ಕೂ ಏನು ನಂಟು?

ಹೈದರಾಬಾದ್: ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಮಹಾಸಾಗರ ವಿಶ್ವದಲ್ಲೇ ಅತಿ ಹೆಚ್ಚು ಮೋಡ ಕವಿದಿರುವ ಪ್ರದೇಶಗಳಲ್ಲಿ ಒಂದು. ಸಮುದ್ರಕ್ಕೆ ಹತ್ತಿರದಲ್ಲೇ ಹರಡುವ ಈ ಮೋಡಗಳು ಶಾಂತವಾಗಿ ಕಂಡರೂ ಒಳಗೆ ಗಾಳಿ ಸದಾ ಮೇಲೆ-ಕೆಳಗೆ ಕಲಕುತ್ತಿರುತ್ತದೆ. ಭೂಮಿ ಎಷ್ಟು ಬಿಸಿಯಾಗಲಿದೆ ಎಂಬ ಲೆಕ್ಕಾಚಾರದಲ್ಲಿ ಈ ಕಲಕಾಟಕ್ಕೆ ಮಹತ್ವದ ಪಾತ್ರವಿದೆ.

ಗಾಳಿ ಕಲಕುವುದೇಕೆ?

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೋಡದ ಮೇಲ್ಭಾಗ ಬಾಹ್ಯಾಕಾಶದತ್ತ ಶಾಖ ಕಳೆದುಕೊಂಡು ತಣ್ಣಗಾಗುತ್ತದೆ. ಅಲ್ಲಿನ ಭಾರವಾದ ಗಾಳಿ ಕೆಳಗಿಳಿದು, ಕೆಳಗಿನ ತೇವಭರಿತ ಗಾಳಿ ಮೇಲೇರುತ್ತದೆ. ಇನ್ನೊಂದೆಡೆ, ಹಿಮದ ಮೇಲಿನ ಅತಿ ಶೀತಗಾಳಿ ತೆರೆದ ಸಮುದ್ರದ ಮೇಲೆ ಬೀಸಿದಾಗ, ಅದಕ್ಕಿಂತ ಬೆಚ್ಚಗಿರುವ ನೀರಿನಿಂದ ಶಾಖ ಮತ್ತು ಆವಿ ಮೇಲೇಳುತ್ತವೆ. ಆಗ ಉಪಗ್ರಹ ಚಿತ್ರಗಳಲ್ಲಿ ಮೋಡಗಳು ಉತ್ತ ಹೊಲದ ಸಾಲುಗಳಂತೆ ಕಾಣುತ್ತವೆ.

ಸೊನ್ನೆಗಿಂತ ಕೆಳಗೂ ನೀರು!

ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನಲ್ಲೂ ಈ ಮೋಡಗಳಲ್ಲಿ ಹೆಪ್ಪುಗಟ್ಟದ ನೀರಹನಿಗಳಿರುತ್ತವೆ. ಹಿಮಕಣಗಳು ಹುಟ್ಟಿಕೊಂಡರೆ ಆವಿಯನ್ನು ಹೀರಿ ಬೆಳೆಯುತ್ತವೆ, ಹನಿಗಳು ಕರಗುತ್ತಾ ಹೋಗುತ್ತವೆ. ಆದರೆ ಗಾಳಿಯ ಕಲಕಾಟ ಹೊಸ ಹನಿಗಳನ್ನು ಸೃಷ್ಟಿಸುತ್ತಲೇ ಇರುವುದರಿಂದ ಮೋಡ ದಿನಗಟ್ಟಲೆ ಉಳಿಯಬಲ್ಲದು.

ನೀರಹನಿಗಳಿರುವ ಮೋಡ ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹಲವು ಹವಾಮಾನ ಮಾದರಿಗಳು ಈ ಹನಿಗಳು ಬೇಗನೆ ಹೆಪ್ಪುಗಟ್ಟುತ್ತವೆ ಎಂದು ಲೆಕ್ಕ ಹಾಕಿದ್ದರಿಂದ, ಸಮುದ್ರ ವಾಸ್ತವಕ್ಕಿಂತ ಹೆಚ್ಚು ಬಿಸಿಲು ಹೀರುತ್ತದೆ ಎಂದು ತೋರಿಸಿದ್ದವು. 2018ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಿಂದ ಹಾರಿದ ಸಂಶೋಧನಾ ವಿಮಾನ ಇಂತಹ ಮೋಡಗಳೊಳಗೇ ಹೋಗಿ ಅಳತೆ ನಡೆಸಿತು.

ಬಾಲಾನಗರದ ನಂಟು

ಇಸ್ರೋದ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ (ಎನ್‌ಆರ್‌ಎಸ್‌ಸಿ) ಇರುವುದು ಬಾಲಾನಗರದಲ್ಲಿ. ಇದರ ಉಪಗ್ರಹ ದತ್ತಾಂಶ ಸ್ವೀಕಾರ ಕೇಂದ್ರ ಹೈದರಾಬಾದ್ ಸಮೀಪದ ಶಾದ್‌ನಗರದಲ್ಲಿದೆ. ಭೂ ವೀಕ್ಷಣಾ ಉಪಗ್ರಹಗಳು ದಿನಕ್ಕೆ ಸುಮಾರು 14 ಬಾರಿ ಭೂಮಿಯನ್ನು ಸುತ್ತುತ್ತವೆ. ಶಾದ್‌ನಗರಕ್ಕೆ ಸಿಗುವುದು ಕೆಲವೇ ಸುತ್ತುಗಳು. ಆದರೆ ಪ್ರತಿ ಸುತ್ತಿನಲ್ಲೂ ಅವು ಧ್ರುವಗಳ ಸಮೀಪ ಹಾದುಹೋಗುತ್ತವೆ. ಹೀಗಾಗಿ 2013ರಲ್ಲಿ ಅಂಟಾರ್ಕ್ಟಿಕಾದ 'ಭಾರತಿ' ನೆಲೆಯಲ್ಲೂ ಸ್ವೀಕಾರ ಕೇಂದ್ರ ಆರಂಭಿಸಲಾಯಿತು. ಅಲ್ಲಿ ಇಳಿಯುವ ದತ್ತಾಂಶ ಉಪಗ್ರಹ ಸಂಪರ್ಕದ ಮೂಲಕ ಶಾದ್‌ನಗರ ತಲುಪುತ್ತದೆ.

2022ರ ನವೆಂಬರ್ 26ರಂದು ಉಡಾವಣೆಯಾದ ಇಒಎಸ್-06 ಉಪಗ್ರಹದಲ್ಲಿ ಸಮುದ್ರದ ಮೇಲಿನ ಗಾಳಿಯನ್ನು ಅಳೆಯುವ ಉಪಕರಣವಿದೆ. ಮೋಡಗಳನ್ನು ಕಲಕುವ ಶೀತಗಾಳಿಯ ಅಧ್ಯಯನಕ್ಕೆ ಇಂತಹ ಮಾಹಿತಿ ಅಗತ್ಯ.

ಉಪಗ್ರಹಕ್ಕೂ ಕಷ್ಟ

ಹಿಮವೂ ಬಿಳಿ, ಮೋಡವೂ ಬಿಳಿ. ಚಳಿಗಾಲದಲ್ಲಿ ದೀರ್ಘ ಕತ್ತಲೆ ಬೇರೆ. ಸಾಮಾನ್ಯ ಕ್ಯಾಮೆರಾಗಳಿಗೆ ಮೋಡದ ಮೇಲ್ಭಾಗವಷ್ಟೇ ಕಾಣುತ್ತದೆ, ಒಳಗಿನ ಕಲಕಾಟ ಕಾಣುವುದಿಲ್ಲ. 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಹಾರಿಸಿದ 'ಅರ್ಥ್‌ಕೇರ್' ಉಪಗ್ರಹದ ರಾಡಾರ್, ಮೋಡದೊಳಗಿನ ಕಣಗಳು ಮೇಲೇರುವ, ಇಳಿಯುವ ವೇಗವನ್ನು ಬಾಹ್ಯಾಕಾಶದಿಂದಲೇ ಅಳೆಯಬಲ್ಲದು.