ಬಸ್ರೂರಿನ ಅಕ್ಕಿಮುಡಿ ಮತ್ತು ಜಾಗತೀಕರಣ

ಇಂಜಿನಿಯರಿಂಗ್ ಓದುವಾಗ ನಮಗೆ ಅಂತಾರಾಷ್ಟ್ರೀಯ ವ್ಯಾಪಾರ ಮತ್ತು ಜಾಗತೀಕರಣದ ಬಗ್ಗೆ ಐದಾರು ಉಪನ್ಯಾಸಗಳಿದ್ದವು. ಪಾಠ ಮಾಡಲು ಬಂದವರು ನೇರ 1991ರಿಂದ ಶುರು ಮಾಡಿದರು. ಅದಕ್ಕೆ ಮೊದಲು ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆವು, ಆಮೇಲೆ ಬಾಗಿಲು ತೆಗೆದೆವು, ಜಗತ್ತು ಒಳಗೆ ಬಂತು ಅನ್ನೋ ಅರ್ಥದಲ್ಲಿ. ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದೆ, ಮಾರ್ಕ್ಸೂ ಬಂತು :)

ಆದರೆ ನಾನು ಕುಂದಾಪುರದ ಕಡೆಯವನು. ಕುಂದಾಪುರದಿಂದ ಏಳೆಂಟು ಕಿಲೋಮೀಟರ್ ಒಳಗೆ ಹೋದರೆ ವಾರಾಹಿ ಹೊಳೆಯ ದಡದಲ್ಲಿ ಬಸ್ರೂರು ಸಿಗುತ್ತದೆ. ಮಹಾಲಿಂಗೇಶ್ವರ ದೇವಸ್ಥಾನ, ಹಳೇ ಶಾಸನದ ಕಲ್ಲುಗಳು, ತೆಂಗಿನ ತೋಟ... ಈಗ ನೋಡಿದರೆ ಶಾಂತವಾದ ಒಂದು ಹಳ್ಳಿ. ಒಂದು ಕಾಲದಲ್ಲಿ ಇಲ್ಲಿಂದ ಹೊರಟ ಅಕ್ಕಿ ಹೊರ್ಮುಜ್, ಏಡನ್ ತಲುಪುತ್ತಿತ್ತು ಅಂದರೆ ನಂಬುವುದು ಕಷ್ಟ. ನಾನಂತೂ ಅಲ್ಲೇ ಓಡಾಡಿಕೊಂಡು ಬೆಳೆದಿದ್ದರೂ ಬೆಂಗಳೂರಿಗೆ ಬಂದ ಮೇಲೆಯೇ ಈ ಕತೆ ಓದಿದ್ದು.

ಮೊದಲು ಬಾರ್ಕೂರಿನಿಂದ ಶುರು ಮಾಡೋಣ. ಬ್ರಹ್ಮಾವರದ ಪಕ್ಕದ ಬಾರ್ಕೂರು ಆಳುಪರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವೂ ಆಗಿತ್ತು. ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಮುಂತಾದ ಕೇರಿಗಳ ಹೆಸರುಗಳು ಇಂದಿಗೂ ಉಳಿದಿವೆ. ಮೊರಾಕ್ಕೋ ದೇಶದ ಇಬ್ನ್ ಬತೂತ 1342ರ ಸುಮಾರಿಗೆ, ದೆಹಲಿಯ ತುಘಲಕ್ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು, ಈ ಕರಾವಳಿಯಲ್ಲೇ ಹಾದು ಹೋದ. ಅವನು ಫಾಕನೂರ್ ಅಂತ ಕರೆದದ್ದು ನಮ್ಮ ಬಾರ್ಕೂರನ್ನೇ.

ಅವನು ಬರೆದಿರುವ ಒಂದು ಪದ್ಧತಿ ತುಂಬಾ ಸ್ವಾರಸ್ಯವಾಗಿದೆ. ಇಲ್ಲಿ ಹಾದು ಹೋಗುವ ಪ್ರತಿಯೊಂದು ಹಡಗೂ ಬಂದರಿನಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು. ಅದಕ್ಕೆ ಬಂದರಿನ ಹಕ್ಕು ಅಂತ ಹೆಸರು. ತಪ್ಪಿಸಿಕೊಂಡು ಹೋದರೆ ಅರಸನ ಹಡಗುಗಳು ಬೆನ್ನಟ್ಟಿ ಎಳೆದು ತರುತ್ತವೆ, ಸುಂಕ ಎರಡು ಪಟ್ಟು! ಅರಸನ ಬಳಿ ಮೂವತ್ತರಷ್ಟು ಯುದ್ಧದ ಹಡಗುಗಳಿದ್ದವಂತೆ. ಅರಸ ಹಿಂದೂ, ಆ ಹಡಗುಗಳ ನಾಯಕ ಒಬ್ಬ ಮುಸಲ್ಮಾನ.

ಅಂದರೆ ಹದಿನಾಲ್ಕನೇ ಶತಮಾನದಲ್ಲಿ ಸಮುದ್ರದ ನಿಯಮ ಬರೆದವರು ನಾವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಕಾಲದ ಕರಾವಳಿಯ ಕನ್ನಡ ಶಾಸನಗಳಲ್ಲಿ ‘ನಖರ’, ‘ಹಂಜಮಾನ’ ಅಂತ ಎರಡು ಶಬ್ದ ಬರುತ್ತವೆ. ಎರಡೂ ವರ್ತಕರ ಸಂಘಗಳು. ನಖರ ನಮ್ಮವರದ್ದು. ಹಂಜಮಾನ ಅಂದರೆ ಪರ್ಷಿಯನ್ನಿನ ‘ಅಂಜುಮನ್’, ಸಮುದ್ರ ದಾಟಿ ಬಂದ ವ್ಯಾಪಾರಿಗಳದ್ದು. ಪರದೇಶದ ಸಂಘದ ಹೆಸರು ನಮ್ಮ ಕಲ್ಲಿನ ಮೇಲೆ ನಮ್ಮದೇ ಲಿಪಿಯಲ್ಲಿ ಕೂತುಬಿಟ್ಟಿದೆ. ಇದಕ್ಕಿಂತ ದೊಡ್ಡ ಜಾಗತೀಕರಣ ಯಾವುದು?

ಈಗ ಅಕ್ಕಿಯ ವಿಷಯ. 1516ರ ಸುಮಾರಿಗೆ ತನ್ನ ಪುಸ್ತಕ ಮುಗಿಸಿದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ ಬಸ್ರೂರು, ಬಾರ್ಕೂರುಗಳ ಬಗ್ಗೆ ಬರೆಯುತ್ತಾನೆ. ಮಲಬಾರಿನ ದೋಣಿಗಳು, ಹೊರ್ಮುಜ್ ಮತ್ತು ಏಡನ್ ಕಡೆಯ ಹಡಗುಗಳು ಇಲ್ಲಿ ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಬದಲಿಗೆ ಬರುತ್ತಿದ್ದದ್ದು ತಾಮ್ರ, ತೆಂಗಿನಕಾಯಿ, ಎಣ್ಣೆ, ಬೆಲ್ಲ. ಮಜಂದೂರ್ ಅನ್ನುವ ಇನ್ನೊಂದು ಊರಿನ ಹೆಸರೂ ಇದೆ. ಅದು ಬೈಂದೂರು ಅಂತ ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ವರ್ಷಕ್ಕೆ ಎರಡು ಬೆಳೆ, ನಾಲ್ಕು ಜಾತಿಯ ಅಕ್ಕಿ, ಒಂದೊಂದಕ್ಕೆ ಒಂದೊಂದು ದರ. ಅಕ್ಕಿಯನ್ನು ಹುಲ್ಲಿನಲ್ಲಿ ದುಂಡಗೆ ಬಿಗಿದು ಕಟ್ಟಿ ಮಾರುತ್ತಿದ್ದರು ಅಂತಲೂ ಬರೆದಿದ್ದಾನೆ.

ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅದು ನಮ್ಮ ಅಕ್ಕಿಮುಡಿ ಮಾರಾಯ್ರೆ! ಅಜ್ಜ ಅಂಗಳದಲ್ಲಿ ಕೂತು ಬೈಹುಲ್ಲು ಹರಡಿ, ಹಗ್ಗ ಬಿಗಿದು, ಕೊಡತಿಯಲ್ಲಿ ಬಡಿದು ಮುಡಿ ಕಟ್ಟುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. “ಮುಡಿ ಕಟ್ಟುಕೆ ಎಲ್ಲರಿಗೂ ಬತ್ತಿಲ್ಲೆ ಮಗಾ” ಅನ್ನುತ್ತಿದ್ದರು. ನಾನು ಅದನ್ನು ಹಳ್ಳಿಯ ಒಂದು ಕಸುಬು ಅಂದುಕೊಂಡಿದ್ದೆ. ಅದು ಐನೂರು ವರ್ಷ ಹಿಂದೆಯೇ ರಫ್ತಿನ ಪ್ಯಾಕಿಂಗ್ ಆಗಿತ್ತು.

ಆದರೆ ಕತೆ ಇಲ್ಲಿಂದ ತಿರುಗುತ್ತದೆ. ಪೋರ್ಚುಗೀಸರ ಗೋವಾಕ್ಕೆ ತನ್ನ ಹೊಟ್ಟೆಗೆ ಸಾಕಾಗುವಷ್ಟು ಅಕ್ಕಿ ಬೆಳೆಯುತ್ತಿರಲಿಲ್ಲ, ಕೆನರಾದ ಅಕ್ಕಿಯೇ ಬೇಕು. ಅವರು ಕೊಳ್ಳಲು ಬಂದವರು ಮಾತ್ರ ಆಗಿದ್ದರೆ ತೊಂದರೆ ಇರಲಿಲ್ಲ. ‘ಕಾರ್ತಾಜ್’ ಅಂತ ಒಂದು ಪರವಾನಗಿ ಚೀಟಿ ತಂದರು. ಅದು ಇಲ್ಲದ ಹಡಗು ಸಮುದ್ರದಲ್ಲಿ ಸಿಕ್ಕಿದರೆ ಸರಕು ಸಮೇತ ಜಪ್ತಿ. ನಮ್ಮ ಸಮುದ್ರದಲ್ಲಿ ನಮ್ಮ ದೋಣಿ ಓಡಿಸಲು ಅವರ ಚೀಟಿ! ಜೊತೆಗೆ ಅಕ್ಕಿಯ ರೂಪದಲ್ಲೇ ಕಪ್ಪ. 1569ರಲ್ಲಿ ವೈಸ್‌ರಾಯ್ ಲೂಯಿಸ್ ದೆ ಅತಾಯಿದೆ ಬಸ್ರೂರನ್ನು ಹಿಡಿದ, ಅಲ್ಲಿ ಕೋಟೆಯೂ ಎದ್ದಿತು. ಆದರೂ ಮೇಲಿನ ಬಸ್ರೂರು ವರ್ತಕ ಶೆಟ್ಟರ ಕೈಯಲ್ಲೇ ಉಳಿಯಿತು. ಕೋಟೆ ಅವರದ್ದು, ಅಕ್ಕಿ ಇವರದ್ದು. ಎಂಬತ್ತಕ್ಕೂ ಹೆಚ್ಚು ವರ್ಷ ಈ ಹಗ್ಗ ಜಗ್ಗಾಟ ನಡೆಯಿತು.

ಕೊನೆಗೆ ಕೆಳದಿಯ ಶಿವಪ್ಪ ನಾಯಕ 1652-54ರ ಸುಮಾರಿಗೆ ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಓಡಿಸಿದ. ಅಷ್ಟರಲ್ಲಿ ಬಸ್ರೂರಿನ ಸಿರಿವಂತಿಕೆಯ ಸುದ್ದಿ ಎಲ್ಲ ಕಡೆ ಹರಡಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಎಂಬತ್ತೈದು ಸಣ್ಣ ಹಡಗು, ಮೂರು ದೊಡ್ಡ ಹಡಗುಗಳೊಂದಿಗೆ ಬಂದು ಬಸ್ರೂರನ್ನು ಲೂಟಿ ಮಾಡಿದ. ಸೂರತ್ತಿನ ಲೂಟಿಯ ಮರು ವರ್ಷವೇ ಅವನ ಕಣ್ಣು ಬಿದ್ದದ್ದು ನಮ್ಮ ಬಸ್ರೂರಿನ ಮೇಲೆ ಅಂದರೆ ಊರು ಹೇಗಿದ್ದಿರಬಹುದು ಯೋಚಿಸಿ. ಮುಂದೆ 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಮಂಗಳೂರು ದೊಡ್ಡದಾಯಿತು. ಬಸ್ರೂರು ನಿಧಾನವಾಗಿ ನಕಾಶೆಯ ಅಂಚಿಗೆ ಸರಿಯಿತು.

ಈಗ ಬಾರ್ಕೂರಿನ ಬಂದರಿನ ಹಕ್ಕನ್ನೂ ಪೋರ್ಚುಗೀಸರ ಕಾರ್ತಾಜನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಜಾತಿಯವು. ಸಮುದ್ರ ಅದೇ, ಅಕ್ಕಿ ಅದೇ, ವ್ಯಾಪಾರವೂ ಅದೇ. ಬದಲಾದದ್ದು ಚೀಟಿ ಬರೆಯುವ ಕೈ. ನಮ್ಮವರು ಬರೆಯುವಾಗ ಅದು ಸುಂಕ, ಬೇರೆಯವರು ಬರೆಯುವಾಗ ದಬ್ಬಾಳಿಕೆ ಅಂತ ನಾನು ಹೇಳಲಾರೆ. ಬಾರ್ಕೂರಿನ ಅರಸನೂ ಬೆನ್ನಟ್ಟಿ ಹಿಡಿಯುತ್ತಿದ್ದವನೇ ಅಲ್ಲವೇ? ಆದರೆ ನನಗೆ ಅರ್ಥವಾದದ್ದು ಇಷ್ಟು. ಜಾಗತೀಕರಣದಲ್ಲಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅನ್ನೋದು ದೊಡ್ಡ ಪ್ರಶ್ನೆಯೇ ಅಲ್ಲ. ನಮ್ಮ ಬಾಗಿಲು ಯಾವತ್ತೂ ತೆರೆದೇ ಇತ್ತು. ಬಾಗಿಲಲ್ಲಿ ನಿಂತು ಚೀಟಿ ಕೇಳುವವರು ಯಾರು ಅನ್ನೋದೇ ಪ್ರಶ್ನೆ.

ನಮ್ಮ ಸಾಫ್ಟ್‌ವೇರ್ ಮಂದಿ ವೀಸಾ ಸ್ಟಾಂಪಿಂಗಿಗೆ ಫೈಲು ಹಿಡಿದು ಕ್ಯೂ ನಿಲ್ಲುವಾಗ ನನಗೆ ಬಸ್ರೂರಿನ ದೋಣಿಯವನ ನೆನಪಾಗುತ್ತದೆ. ಅವನ ಕೈಯಲ್ಲೂ ಒಂದು ಕಾಗದ ಇತ್ತು, ಎದೆಯಲ್ಲಿ ಇದೇ ಢವಢವ ಇದ್ದಿರಬೇಕು. ಒಂದೇ ವ್ಯತ್ಯಾಸ, ಅವನ ದೋಣಿಯಲ್ಲಿದ್ದ ಅಕ್ಕಿ ಅವನ ಊರಿನ ಗದ್ದೆಯದ್ದು. ನಾವು ಬರೆಯುವ ಕೋಡು ಯಾರದ್ದು?

ಮುಂದಿನ ಸಲ ಕೊಲ್ಲೂರಿಗೋ ಆನೆಗುಡ್ಡೆಗೋ ಹೋದಾಗ ಬಸ್ರೂರಿಗೂ ಒಂದು ಗಂಟೆ ಇಟ್ಟುಕೊಳ್ಳಿ. ಹೊಳೆ ದಡದಲ್ಲಿ ಸುಮ್ಮನೆ ನಿಂತು ಬನ್ನಿ. ನಿಮ್ಮೂರಿನಲ್ಲೂ ಇಂಥ ಮರೆತು ಹೋದ ಬಂದರೋ ಪೇಟೆಯೋ ಇದ್ದರೆ ಬರೆಯಿರಿ, ಓದಲು ನಾನಂತೂ ಕಾಯುತ್ತಿರುತ್ತೇನೆ.