ನಮ್ಮಜ್ಜಿ ಹತ್ತೋ ಜೀಪು ಯಾವ್ದು? ಬೂದಿಕೋಟೆಯಿಂದ ಒಂದು ಗಾಡಿ ಚರಿತ್ರೆ

ಭಾಗ 1/7

ಮೊದಲ ಫೋಟೋದಲ್ಲಿ ಕಾಣೋ ಕೆಸರು ನಮ್ಮ ತೋಟದ ದಾರಿಯದ್ದು. ಕಳೆದ ವರ್ಷ ಮಳೆ ಹಿಡಿದಿದ್ದ ಒಂದು ರಾತ್ರಿ ನಮ್ಮಜ್ಜಿಗೆ ಉಸಿರಾಟದ ತೊಂದರೆ ಆಯ್ತು. ಫೋನ್ ಮಾಡಿದ ಆಟೋದವರು ಬಂದ್ರು, ಆದ್ರೆ ಹಳ್ಳದ ಹತ್ರ ನಿಂತುಬಿಟ್ರು. ಅವರ ತಪ್ಪೇನಿಲ್ಲ, ಮುಂದೆ ಬಂದಿದ್ರೆ ಅವರೂ ಹೂತುಹೋಗ್ತಿದ್ರು. ಕೊನೆಗೆ ಟ್ರ್ಯಾಕ್ಟರ್ ಟ್ರೈಲರಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅಜ್ಜಿನ ಕೂರಿಸಿ, ಎರಡೂ ಕಡೆ ನಾನೂ ಚಿಕ್ಕಪ್ಪನೂ ಕುರ್ಚಿ ಹಿಡ್ಕೊಂಡು ರಸ್ತೆವರೆಗೆ ತಂದ್ವಿ.

ಅಜ್ಜಿ ಈಗ ಚೆನ್ನಾಗಿದ್ದಾರೆ. ಆದ್ರೆ ಮಾರನೇ ದಿನ ಅಪ್ಪ ನನ್ನ ಕರೆದು ಒಂದೇ ಮಾತು ಹೇಳಿದ್ರು: "ಒಂದು ಗಾಡಿ ನೋಡು. ಏಳು ಜನ ಕೂರಬೇಕು, ಈ ಹಳ್ಳ ದಾಟಬೇಕು."

ದುಡ್ಡು ಎಷ್ಟು? ನಾಲ್ಕೂವರೆ ಲಕ್ಷ. 2023ರ ಜುಲೈನಲ್ಲಿ ಟೊಮೆಟೊಗೆ ಬಂದಿದ್ದ ಬೆಲೆ ನಿಮಗೆ ನೆನಪಿರಬಹುದು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ನಮ್ಮ ಜೀವನದಲ್ಲಿ ಒಂದೇ ಸಲ ಸಿಕ್ಕ ಆ ದುಡ್ಡನ್ನ ಅಪ್ಪ ಮುಟ್ಟದೆ ಬ್ಯಾಂಕಲ್ಲಿ ಇಟ್ಟಿದ್ರು.

ನಾನು ಬಿಕಾಂ ವಿದ್ಯಾರ್ಥಿ. ಗಾಡಿ ಹುಡುಕೋಕೆ ಅಂತ ಕೂತವನು ಹಳೇ ಗಾಡಿಗಳ ಚರಿತ್ರೆಗೆ ಬಿದ್ದೆ. ಅಲ್ಲಿ ಸಿಕ್ಕಿದ ಒಂದು ವಿಷಯ ನಮ್ಮ ನಿರ್ಧಾರವನ್ನೇ ಬದಲಿಸಿತು. ಏಳು ಭಾಗದಲ್ಲಿ ಹೇಳ್ತೀನಿ.

ಭಾಗ 2/7

ನಮ್ಮೂರಿನ ಹೆಸರು ನೀವು ಕೇಳಿದ್ರೆ ಅದು ಹೈದರ್ ಅಲಿಯಿಂದ. ಅವನು ಸುಮಾರು 1720ರ ಹೊತ್ತಿಗೆ ಹುಟ್ಟಿದ್ದು ಇಲ್ಲೇ, ಬೂದಿಕೋಟೆಯಲ್ಲಿ. ಅವನ ತಂದೆ ಫತ್ ಮಹಮ್ಮದ್‌ಗೆ ಈ ಊರು ಜಹಗೀರಾಗಿತ್ತು.

ಹೈದರನ ಯುದ್ಧ ಅಂದ್ರೆ ಕುದುರೆ, ಕತ್ತಿ ಅಂತ ನಾವು ಪರೀಕ್ಷೆಗೆ ಬರೀತೀವಿ. ಆದ್ರೆ ಅವನ ತೋಪುಗಳನ್ನ ಎಳೆದದ್ದು ಎತ್ತುಗಳು. ಸಾಮಾನ್ಯ ಎತ್ತುಗಳಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಅರಮನೆಯ ದನಗಳಿಗೇ ಒಂದು ಇಲಾಖೆ ಇತ್ತು. ಹೈದರ್ ಆ ದನಗಳನ್ನ ಸೈನ್ಯದ ಕೆಲಸಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ 'ಅಮೃತ ಮಹಲ್' ಅಂತ ಹೆಸರಿಟ್ಟ. ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ಪ್ರಕಾರ ಹೈದರ್ ಚಿದಂಬರಂಗೆ ಹೋಗುವಾಗ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ. ಅಂದ್ರೆ 160 ಕಿಲೋಮೀಟರ್. ಡಾಂಬರು ಇಲ್ಲದ ಕಾಲದಲ್ಲಿ, ತೋಪು ಕಟ್ಕೊಂಡು!

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಮೊದಲು ಕಣ್ಣು ಹಾಕಿದ ಆಸ್ತಿಗಳಲ್ಲಿ ಈ ದನಗಳೂ ಇದ್ದವು. ಇವತ್ತಿಗೂ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಕೇಂದ್ರ ಇದೆ. ಅಲ್ಲಿ ಹೋರಿಗರುಗಳನ್ನ ಹರಾಜು ಹಾಕ್ತಾರೆ, ರೈತರು ಪೈಪೋಟಿ ಮೇಲೆ ಕೂಗಿ ತಗೊಳ್ತಾರೆ.

ಈ ಹರಾಜನ್ನ ನೆನಪಲ್ಲಿ ಇಟ್ಕೊಳ್ಳಿ. ಸೈನ್ಯಕ್ಕೆ ಅಂತ ಮಾಡಿದ್ದು ಕೊನೆಗೆ ಹರಾಜಲ್ಲಿ ರೈತನ ಮನೆಗೆ ಬರುತ್ತೆ. ಮುಂದೆ ಇದೇ ಕಥೆ ಮತ್ತೆ ಬರುತ್ತೆ.

ಭಾಗ 3/7

ಇನ್ನು ನಮ್ಮ ತಾಲ್ಲೂಕಿಗೆ ಬನ್ನಿ. ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಅದು. ಮದ್ರಾಸ್ ರೈಲು ಈ ದಾರಿಯಲ್ಲಿ ಬೆಂಗಳೂರು ಮುಟ್ಟಿದ್ದು 1864ರಲ್ಲಿ. ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿದದ್ದು 1880ರಲ್ಲಿ. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂದದ್ದು 1894ರಲ್ಲಿ. ಮಧ್ಯದ ಅಷ್ಟೂ ವರ್ಷ ಸಾಮಾನು ಸಾಗಿಸೋಕೆ ಬಂಡಿಯೇ ಗತಿ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ರು. ಬೆಂಗಳೂರಿನ ಬೀದಿಗೇ ಕರೆಂಟ್ ಬಂದದ್ದು ಅದಾದ ಮೂರು ವರ್ಷಕ್ಕೆ.

ಇದರಿಂದ ಏನು ಗೊತ್ತಾಗುತ್ತೆ? ಎಲ್ಲಿ ಚಿನ್ನ ಇದೆಯೋ ಅಲ್ಲಿಗೆ ದಾರಿ ಹೋಗುತ್ತೆ. ಟೊಮೆಟೊ ಇರೋ ಕಡೆಗೆ ನಿಧಾನಕ್ಕೆ ಬರುತ್ತೆ.

ಇನ್ನೊಂದು ತಮಾಷೆ. 1964ರಲ್ಲಿ ಶುರುವಾದ ಬೆಮೆಲ್‌ನ ದೊಡ್ಡ ಕಾರ್ಖಾನೆ ನಮ್ಮ ಕೆಜಿಎಫ್‌ನಲ್ಲೇ ಇದೆ. ಅಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ಮಾಡ್ತಾರೆ. ದೇಶದಲ್ಲಿ ದಾರಿಯೇ ಇಲ್ಲದ ಕಡೆ ನುಗ್ಗೋ ಯಂತ್ರಗಳು ನಮ್ಮ ಪಕ್ಕದಲ್ಲೇ ತಯಾರಾಗ್ತವೆ. ಆದ್ರೆ ಅದರಲ್ಲಿ ಸೀಟು ಒಂದೇ, ಅಜ್ಜಿನ ಕೂರಿಸೋಕಾಗಲ್ಲ!

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತು ಸೈನೈಡ್ ದಿಬ್ಬಗಳ ಮೇಲೆ ಗಾಡಿ ಹತ್ತಿಸಿ ರೀಲ್ಸ್ ಮಾಡೋರನ್ನ ನೀವು ನೋಡಿರ್ತೀರಿ. ಅದು ಗಣಿಯ ತ್ಯಾಜ್ಯದ ಪುಡಿ. ದಯವಿಟ್ಟು ಮಕ್ಕಳನ್ನ ಕರ್ಕೊಂಡು ಹೋಗಿ ಅಲ್ಲಿ ಧೂಳು ಕುಡಿಸಬೇಡಿ.

ಭಾಗ 4/7

ಜೀಪಿನ ಕಥೆ. 1941ರಿಂದ ಅಮೆರಿಕದ ಸೈನ್ಯಕ್ಕೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದ್ವು. ಅದರ ಲೆಕ್ಕಾಚಾರ ನೋಡಿ: ಕಾಲು ಟನ್ ಭಾರ ಹೊರೋ ಸಾಮರ್ಥ್ಯ, ನಾಲ್ಕು ಚಕ್ರಕ್ಕೂ ಶಕ್ತಿ, ಬಾಗಿಲೇ ಇಲ್ಲ. ಯಾಕೆ ಬಾಗಿಲಿಲ್ಲ? ಗುಂಡು ಹಾರಿದ್ರೆ ಸೈನಿಕ ತಕ್ಷಣ ಹೊರಗೆ ಜಿಗೀಬೇಕು. ಮಗು ಹೊರಗೆ ಬೀಳಬಾರದು ಅನ್ನೋ ಯೋಚನೆ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಯುದ್ಧ ಮುಗಿದ ಮೇಲೆ ಉಳಿದ ಜೀಪುಗಳು ಭಾರತದಲ್ಲಿ 'ಡಿಸ್ಪೋಸಲ್' ಮಾಲಾಗಿ ಹರಾಜಿಗೆ ಬಂದ್ವು. ಅಜ್ಜಂಪುರದ ಹರಾಜು ನೆನಪಿದೆಯಾ? ವ್ಯತ್ಯಾಸ ಒಂದೇ. ಎತ್ತು ಕರುವಾಗಿ ಬರುತ್ತಿತ್ತು, ಜೀಪು ಮುದುಕನಾಗಿ ಬಂತು.

1945ರಲ್ಲಿ ಕೆ. ಸಿ. ಮಹೀಂದ್ರ, ಜೆ. ಸಿ. ಮಹೀಂದ್ರ ಅಣ್ಣತಮ್ಮಂದಿರು ಮಲಿಕ್ ಗುಲಾಮ್ ಮಹಮ್ಮದ್ ಜೊತೆ 'ಮಹೀಂದ್ರ ಅಂಡ್ ಮಹಮ್ಮದ್' ಕಂಪನಿ ಶುರು ಮಾಡಿದ್ರು. ದೇಶ ಒಡೀತು. ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು. 1948ರಲ್ಲಿ ಕಂಪನಿ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯ್ತು. ವಿಲ್ಲಿಸ್ ಬಿಡಿಭಾಗಗಳನ್ನ ತರಿಸಿ ಮುಂಬೈನಲ್ಲಿ ಜೋಡಿಸಿ ಮಾರೋದು ಅವರ ಮೊದಮೊದಲ ಕೆಲಸಗಳಲ್ಲಿ ಒಂದು.

ಆ ಜೀಪುಗಳಲ್ಲಿ ಬಹಳಷ್ಟು ತಗೊಂಡದ್ದು ಯಾರು? ಸೈನ್ಯ, ಪೊಲೀಸ್, ಅರಣ್ಯ ಇಲಾಖೆ, ಬ್ಲಾಕ್ ಆಫೀಸು. ಹಳೇ ಸಿನಿಮಾದಲ್ಲಿ ಜೀಪು ಬಂದ್ರೆ ಇಳಿಯೋರು ಒಂದೋ ಇನ್ಸ್‌ಪೆಕ್ಟರ್, ಇಲ್ಲ ಗೌಡ್ರು. ಸೊಸೆ, ಮೊಮ್ಮಕ್ಕಳು ಇಳಿದದ್ದು ನಾನಂತೂ ನೋಡಿಲ್ಲ.

ಭಾಗ 5/7

ಹಾಗಾದ್ರೆ ಮನೆಮಂದಿಗೆ ಗಾಡಿ ಬಂದದ್ದು ಯಾವಾಗ? ನಾನು ಬರೆದಿಟ್ಟ ಪಟ್ಟಿ:

1985: ಮಾರುತಿ ಜಿಪ್ಸಿ. ಹಗುರ, ನಾಲ್ಕು ಚಕ್ರದ ಶಕ್ತಿ, ನೆಲದಿಂದ 210 ಎಂಎಂ ಎತ್ತರ. ಸೈನ್ಯಕ್ಕೆ ತುಂಬಾ ಇಷ್ಟ ಆಯ್ತು. ಮನೆಯವರಿಗೆ? ಹಿಂದೆ ಎದುರುಬದುರು ಬೆಂಚು, ಕುಲುಕಾಟ, ಪೆಟ್ರೋಲ್ ಖರ್ಚು.
1994: ಟಾಟಾ ಸುಮೋ. ಕಂಪನಿಯ ಸುಮಂತ್ ಮೂಲಗಾಂವ್ಕರ್ ಹೆಸರಿನ ಮೊದಲ ಅಕ್ಷರಗಳಿಂದ ಬಂದ ಹೆಸರು, ಜಪಾನಿನ ಕುಸ್ತಿಯದ್ದಲ್ಲ!
2000: ಟೊಯೊಟಾ ಕ್ವಾಲಿಸ್. ನಮ್ಮ ಬಿಡದಿಯಲ್ಲೇ ತಯಾರಾದದ್ದು. 2005ರಲ್ಲಿ ಇನ್ನೋವಾ ಬಂದಾಗ ನಿಲ್ಲಿಸಿದ್ರು.
2000: ಮಹೀಂದ್ರ ಬೊಲೆರೊ. ಹಳ್ಳಿ ಕಡೆ ಇವತ್ತಿಗೂ ರಾಜ.

ಸುಮೋ, ಕ್ವಾಲಿಸ್, ಬೊಲೆರೊಗಳಲ್ಲಿ ನಾವು ನೋಡೋ ಬಹುಪಾಲು ಗಾಡಿಗಳಿಗೆ ನಾಲ್ಕು ಚಕ್ರದ ಶಕ್ತಿ ಇಲ್ಲ. ಹಿಂದಿನ ಎರಡು ಚಕ್ರ ಮಾತ್ರ ತಳ್ಳುತ್ತೆ. ಆದ್ರೂ ಹಳ್ಳಿ ದಾರಿ ತಡೀತವೆ. ಕಾರಣ ಕೆಳಗಿನ ಗಟ್ಟಿ ಚಾಸಿ. ಲಾರಿ ಥರ ಮೊದಲು ಚೌಕಟ್ಟು, ಅದರ ಮೇಲೆ ಬಾಡಿ.

ನಾವು ಮೊದಲು ನೋಡಿದ್ದು ಒಂದು ಹಳೇ ನಾಲ್ಕು ಚಕ್ರದ ಜೀಪು. ಬಣ್ಣ ಹೊಡೆದು ಚೆನ್ನಾಗಿ ಮಾಡಿದ್ರು, 3 ಲಕ್ಷದ 20 ಸಾವಿರ ಹೇಳಿದ್ರು. ನನಗೆ ಆಸೆ ತಡೀಲಿಲ್ಲ. ಅಜ್ಜಿನ ಕರ್ಕೊಂಡು ಹೋಗಿದ್ವಿ. ಅವರು ಒಂದು ಕಾಲು ಎತ್ತಿದ್ರು, ಮೆಟ್ಟಿಲು ಎಟುಕಲಿಲ್ಲ. ಸೀರೆ ಸರಿ ಮಾಡ್ಕೊಂಡು ಹಿಂದೆ ಸರಿದು ಹೇಳಿದ್ರು: "ಇದು ಪೊಲೀಸ್ನೋರ ಗಾಡಿ ಕಣೋ. ನಂಗಲ್ಲ ಮಾಡಿರೋದು."

ನಾನು ವಾರಗಟ್ಟಲೆ ಓದಿ ತಿಳ್ಕೊಂಡದ್ದನ್ನ ಅಜ್ಜಿ ಒಂದೇ ಹೆಜ್ಜೆಯಲ್ಲಿ ಹೇಳಿಬಿಟ್ರು. ಗಾಡಿ ನೋಡುವಾಗ ಅದು ಎಲ್ಲಿ ಹತ್ತುತ್ತೆ ಅಂತ ನಾವು ಕೇಳ್ತೀವಿ. ಅದಕ್ಕೆ ಮುಂಚೆ ಕೇಳಬೇಕಾದ್ದು: ಇದನ್ನ ಯಾರಿಗೋಸ್ಕರ ಮಾಡಿದ್ದು?

ಭಾಗ 6/7 (ಇದನ್ನ ಸೇವ್ ಮಾಡ್ಕೊಳ್ಳಿ)

ಸೆಕೆಂಡ್ ಹ್ಯಾಂಡ್ ಗಾಡಿಯ ಆರ್‌ಸಿ ಕೂಡ ಒಂದು ಶಾಸನ ಇದ್ದಂಗೆ. ಅದರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತೆ. ಅದರ ಪಕ್ಕ ಈ ತಾರೀಕುಗಳನ್ನ ಇಟ್ಟು ನೋಡಿ.

2019 ಏಪ್ರಿಲ್ 1: ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಕೊಂಡು ಜಾರದಂತೆ ತಡೆಯುತ್ತೆ.
2019 ಜುಲೈ 1: ಡ್ರೈವರ್ ಏರ್‌ಬ್ಯಾಗ್, ಹಿಂದಿನ ಸೆನ್ಸರ್, ವೇಗದ ಎಚ್ಚರಿಕೆ ಕಡ್ಡಾಯ.
2020 ಏಪ್ರಿಲ್ 1: ಬಿಎಸ್ 6.
2021ರ ಕೊನೆ: ಡ್ರೈವರ್ ಪಕ್ಕದವರಿಗೂ ಏರ್‌ಬ್ಯಾಗ್ ಕಡ್ಡಾಯ.

ಜಿಪ್ಸಿ ಮತ್ತು ಸುಮೋ ಎರಡೂ ಮಾರುಕಟ್ಟೆಯಿಂದ ಹೋದದ್ದು 2019ರಲ್ಲೇ. ಅಂದ್ರೆ ನಮ್ಮ ಬಜೆಟ್‌ಗೆ ಸಿಗೋ ಗಟ್ಟಿಮುಟ್ಟು ಗಾಡಿಗಳು ಹೆಚ್ಚಾಗಿ ಈ ಗೆರೆಯ ಆಚೆಯವು. ಚಾಸಿ ಗಟ್ಟಿ ಇರುತ್ತೆ, ಒಳಗೆ ಕೂತವರಿಗೆ ರಕ್ಷಣೆ ಕಡಿಮೆ. ಪಕ್ಕಕ್ಕೆ ಮುಖ ಮಾಡಿ ಕೂರೋ ಹಳೇ ಹಿಂದಿನ ಸೀಟುಗಳಿಗೆ ಬೆಲ್ಟ್ ಕೂಡ ಇರಲ್ಲ. ಅಲ್ಲಿ ಯಾರು ಕೂರ್ತಾರೆ? ಮನೆಯ ಮಕ್ಕಳು.

ನಮ್ಮ ಗಡಿ ಕಡೆಯವರಿಗೆ ಇನ್ನೊಂದು ಮಾತು. ಕೃಷ್ಣಗಿರಿ, ಕುಪ್ಪಂ ಕಡೆ ಗಾಡಿ ಅಗ್ಗಕ್ಕೆ ಸಿಗಬಹುದು. ಆದ್ರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಫಾರಂ 28) ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅದನ್ನ ಕೂಡಿದ ಮೇಲೆ ಅಗ್ಗ ಹೌದೋ ಅಲ್ಲವೋ ನೋಡಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ನವೀಕರಿಸಬೇಕು. ಬಾಡಿ, ಎಂಜಿನ್ ಬದಲಿಸಿದ ಜೀಪಾದ್ರೆ ಆರ್‌ಸಿಯಲ್ಲಿರೋದಕ್ಕೂ ಗಾಡಿಗೂ ಹೊಂದಿಕೆ ಆಗುತ್ತಾ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಸುಮ್ಮನೆ ಬಿಡಲ್ಲ.

ಭಾಗ 7/7

ಕೊನೆಗೆ ಏನು ತಗೊಂಡ್ವಿ?

ಒಂದು ಭಾನುವಾರ ನಾನು ಟೇಪ್ ಹಿಡ್ಕೊಂಡು ತೋಟದ ದಾರಿ ಅಳೆದೆ. ಒಂದೂವರೆ ಕಿಲೋಮೀಟರ್ ದಾರಿಯಲ್ಲಿ ನಿಜವಾಗ್ಲೂ ಗಾಡಿ ಹೂಳೋ ಜಾಗ ಎಷ್ಟು ಗೊತ್ತಾ? ಹಳ್ಳದ ಹತ್ರ ನಲವತ್ತು ಅಡಿ. ಮಿಕ್ಕಿದ್ದು ಗುಂಡಿ, ಕಲ್ಲು, ಅಷ್ಟೇ. ನಲವತ್ತು ಅಡಿಗೋಸ್ಕರ ನಾವು ಯುದ್ಧದ ಗಾಡಿ ಹುಡುಕ್ತಾ ಇದ್ವಿ!

ಆ ದಾರಿ ಬಳಸೋ ಮೂರು ತೋಟದವರು ಸೇರಿದ್ವಿ. ಜೆಸಿಬಿ ಬಾಡಿಗೆ, ಮೋರಿಗೆ ಸಿಮೆಂಟ್ ಪೈಪು, ಗ್ರಾವೆಲ್ ಎಲ್ಲ ಸೇರಿ 63 ಸಾವಿರ ಆಯ್ತು. ನಮ್ಮ ಪಾಲು 21 ಸಾವಿರ.

ಗಾಡಿ 2020ರ ರೆನೋ ಟ್ರೈಬರ್, ಏಳು ಸೀಟು. ಎಲ್ಲರೂ ಮುಂದಕ್ಕೆ ಮುಖ ಮಾಡಿ ಕೂರ್ತಾರೆ, ಎಲ್ಲರಿಗೂ ಬೆಲ್ಟ್ ಇದೆ, ಮುಂದೆ ಎರಡು ಏರ್‌ಬ್ಯಾಗ್ ಇದೆ. ನೆಲದಿಂದ ಎತ್ತರ 182 ಎಂಎಂ. ಬೊಲೆರೊದ್ದು 180 ಅಂತ ನೋಡಿ ನನಗೇ ಆಶ್ಚರ್ಯ ಆಯ್ತು. ಹಾಗಂತ ಎರಡೂ ಒಂದೇ ಅಲ್ಲ. ಇದಕ್ಕೆ ಬೊಲೆರೊ ಥರ ಚಾಸಿ ಇಲ್ಲ. ಎಂಜಿನ್ 999 ಸಿಸಿ, ತಳ್ಳೋದು ಮುಂದಿನ ಚಕ್ರ. ಏಳೂ ಜನ ಕೂತು ಒದ್ದೆ ಏರು ಹತ್ತುವಾಗ ಚಕ್ರ ಸುಮ್ಮನೆ ತಿರುಗುತ್ತೆ. ಆಗ ನಾನೂ ಚಿಕ್ಕಪ್ಪನೂ ಇಳಿದು ನಡೀತೀವಿ. ನಿಮ್ಮ ದಾರಿ ಪೂರ್ತಿ ಕೆಟ್ಟಿದ್ರೆ, ಬೆಟ್ಟ ಇದ್ರೆ, ದಿನಾ ಲೋಡ್ ಇದ್ರೆ ನಮ್ಮ ಲೆಕ್ಕ ನಿಮಗಲ್ಲ. ಚಾಸಿ ಇರೋ ಗಾಡಿನೇ ನೋಡಿ.

ಲೆಕ್ಕ: ಗಾಡಿ 4,10,000. ವರ್ಗಾವಣೆ, ಇನ್ಶೂರೆನ್ಸ್, ಸರ್ವಿಸ್ 23,000. ಮೋರಿ 21,000. ಒಟ್ಟು 4,54,000. ನಾಲ್ಕು ಸಾವಿರ ಜಾಸ್ತಿ ಆಯ್ತು, ಅಮ್ಮ ಹಾಲಿನ ದುಡ್ಡಿಂದ ಕೊಟ್ರು. ನನ್ನ ಪುಸ್ತಕದಲ್ಲಿ ಅದು ಸಾಲ, ಅಮ್ಮನ ಪುಸ್ತಕದಲ್ಲಿ ಅಲ್ಲ.

ಹೈದರನ ಎತ್ತು ತೋಪಿಗೆ, ಗಣಿಯ ರೈಲು ಚಿನ್ನಕ್ಕೆ, ಜೀಪು ಸೈನಿಕನಿಗೆ. ಇನ್ನೂರೈವತ್ತು ವರ್ಷ ನಮ್ಮ ಕಡೆ ಕೆಟ್ಟ ದಾರಿ ದಾಟೋ ಶಕ್ತಿ ಎಲ್ಲ ಬೇರೆಯವರ ಕೆಲಸಕ್ಕೆ ಹುಟ್ಟಿತು, ಮಿಕ್ಕಿದ್ದು ನಮಗೆ ಬಂತು. ಅಜ್ಜಿಗೋಸ್ಕರ ಯಾರೂ ಗಾಡಿ ಮಾಡಿರಲಿಲ್ಲ. ಹಾಗಾಗಿ ನಾವು ಅಜ್ಜಿಗೋಸ್ಕರ ನಲವತ್ತು ಅಡಿ ದಾರಿ ಮಾಡಿದ್ವಿ.

ಕೊನೆಯ ಫೋಟೋದಲ್ಲಿ ಹೊಸ ಮೋರಿ ಇದೆ, ಮೊನ್ನೆ ಮಳೆ ಬಂದ ಮಾರನೇ ಬೆಳಿಗ್ಗೆ ತೆಗೆದದ್ದು. ಮುಂದಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿರೋರು ಅಜ್ಜಿ. ಕೋಲಾರಕ್ಕೆ ಚೆಕಪ್‌ಗೆ ಹೊರಟಿದ್ರು. ಯಾರ ಸಹಾಯವೂ ಇಲ್ಲದೆ ಹತ್ತಿದ್ರು.

ನಿಮ್ಮ ಮನೆಗೆ ಬಂದ ಮೊದಲ ನಾಲ್ಕು ಚಕ್ರದ ಗಾಡಿ ಯಾವ್ದು, ಅದಕ್ಕೆ ಮುಂಚೆ ಅದು ಯಾರದ್ದಾಗಿತ್ತು? ಮನೆಯಲ್ಲಿ ಕೇಳಿ, ಕಾಮೆಂಟಲ್ಲಿ ಬರೀರಿ.

#ಬೂದಿಕೋಟೆ #ಬಂಗಾರಪೇಟೆ #ಕೆಜಿಎಫ್ #ಗಾಡಿಚರಿತ್ರೆ #ಅಜ್ಜಿಯಸೀಟು