ರೈಲಿನ ಹಾರ್ನ್‌ಗೆ ಪರ್ಯಾಯವಿಲ್ಲವೆ? ಫ್ಲಾರಿಡಾ ಸಾಕ್ಷ್ಯದ ಮರುಪರಿಶೀಲನೆ

ಜನವಸತಿಯ ನಡುವಿನ ರೈಲ್ವೆ ಗೇಟುಗಳಲ್ಲಿ ಹಾರ್ನ್ ನಿಲ್ಲಿಸಬಹುದೆ ಎಂಬ ಅಮೆರಿಕದ ಚರ್ಚೆಯಲ್ಲಿ ಫ್ಲಾರಿಡಾದ ಉದಾಹರಣೆಯೇ ಮುಖ್ಯ ಆಧಾರ. 1984ರ ರಾಜ್ಯ ಕಾನೂನಿನ ಬಲದಿಂದ ಅಲ್ಲಿನ ಸ್ಥಳೀಯ ಆಡಳಿತಗಳು ಫ್ಲಾರಿಡಾ ಈಸ್ಟ್ ಕೋಸ್ಟ್ ಮಾರ್ಗದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಾರ್ನ್ ನಿಷೇಧಿಸಿದವು. ಫೆಡರಲ್ ರೈಲ್‌ರೋಡ್ ಆಡಳಿತದ 1990ರ ಅಧ್ಯಯನದಂತೆ, ಅಲ್ಲಿ ರಾತ್ರಿಯ ಅಪಘಾತಗಳ ಪ್ರಮಾಣ ಶೇ. 195ರಷ್ಟು ಏರಿತು, ಹಾರ್ನ್ ಇದ್ದ ಹಗಲಿನಲ್ಲಿ ಏರಿಕೆ ಶೇ. 23 ಮಾತ್ರ. 1991ರಲ್ಲಿ ತುರ್ತು ಆದೇಶದ ಮೂಲಕ ನಿಷೇಧ ರದ್ದಾಯಿತು, ಅಪಘಾತಗಳೂ ಇಳಿದವು. ಹಾರ್ನ್ ಜೀವ ಉಳಿಸುತ್ತದೆ ಎಂಬುದು ಇಲ್ಲಿಗೆ ಸಿದ್ಧವಾಯಿತು. ಆದರೆ ಅದಕ್ಕೆ ಪರ್ಯಾಯವೇ ಇಲ್ಲ ಎಂಬ ತೀರ್ಮಾನಕ್ಕೂ ಕೆಲವರು ಇದರಿಂದಲೇ ಬರುತ್ತಾರೆ, ಅದನ್ನು ಒಪ್ಪಲಾಗದು.

ಆ ಗೇಟುಗಳಲ್ಲಿ ದೀಪ, ಗಂಟೆ, ಅಡ್ಡಗಂಬ ಎಲ್ಲವೂ ಇದ್ದವು. ಸಾಮಾನ್ಯ ಅಡ್ಡಗಂಬ ಮುಚ್ಚುವುದು ಹಳಿಯತ್ತ ಬರುವ ಪಥವನ್ನಷ್ಟೇ. ಎದುರು ಪಥದಲ್ಲಿ ಬಳಸಿಕೊಂಡು ನುಗ್ಗಲು ಚಾಲಕನಿಗೆ ದಾರಿ ತೆರೆದೇ ಇರುತ್ತದೆ. ಆ ತೆರವಿಗೆ ಹಾರ್ನ್ ಕಾವಲಿತ್ತು. ನಿಷೇಧ ಕಾವಲನ್ನು ತೆಗೆದು ತೆರವನ್ನು ಹಾಗೆಯೇ ಬಿಟ್ಟಿತು. 2005ರಲ್ಲಿ ಜಾರಿಗೆ ಬಂದ ಫೆಡರಲ್ ನಿಯಮದ ಅಂದಾಜುಗಳು ಈ ಓದಿಗೆ ಇಂಬು ಕೊಡುತ್ತವೆ. ಗೇಟು ಇರುವಲ್ಲಿ ಹಾರ್ನ್ ನಿಂತರೆ ಅಪಾಯ ಶೇ. 66.8ರಷ್ಟು ಹೆಚ್ಚುತ್ತದೆ, ಅಂದರೆ 1 ಇದ್ದದ್ದು 1.668 ಆಗುತ್ತದೆ. ಎರಡೂ ಬದಿಯ ಎಲ್ಲ ಪಥಗಳನ್ನು ಮುಚ್ಚುವ ನಾಲ್ಕು ಅಡ್ಡಗಂಬಗಳ ಗೇಟು ಅಪಾಯವನ್ನು ಶೇ. 82ರಷ್ಟು ತಗ್ಗಿಸುತ್ತದೆ. ಗುಣಿಸಿದರೆ ಉಳಿಯುವುದು ಸುಮಾರು 0.30. ಹಾಗಾಗಿ ಹಾರ್ನ್ ಇಲ್ಲದ ಪೂರ್ಣ ತಡೆ, ಹಾರ್ನ್ ಇರುವ ಅರೆ ತಡೆಗಿಂತ ಸುರಕ್ಷಿತವಾಗಿರುವ ಸಾಧ್ಯತೆ ಹೆಚ್ಚು.

ಈ ಮಾತಿಗೆ ಮಿತಿಗಳಿವೆ. ಇವು ಸರಾಸರಿ ಅಂದಾಜುಗಳು. ನಿರ್ದಿಷ್ಟ ಗೇಟಿನ ವಾಹನದಟ್ಟಣೆ, ರಸ್ತೆಯ ತಿರುವು ಫಲವನ್ನು ಬದಲಿಸಬಹುದು. ಮೇಲಾಗಿ, ಹಾರ್ನ್ ನಿಲ್ಲಿಸಿದ ನಿಶ್ಶಬ್ದ ವಲಯವೊಂದರ ಒಟ್ಟು ಅಪಾಯ ರಾಷ್ಟ್ರೀಯ ಮಿತಿಯೊಳಗಿದ್ದರೆ ಹೆಚ್ಚುವರಿ ತಡೆ ಇಲ್ಲದೆಯೂ ಅದಕ್ಕೆ ನಿಯಮ ಅವಕಾಶ ಕೊಡುತ್ತದೆ. ನನ್ನ ವಾದ ಅಂಥ ವಲಯಗಳನ್ನು ಸಮರ್ಥಿಸುವುದಿಲ್ಲ. ಕಣ್ಣೆದುರಿನ ಅಪಾಯದಲ್ಲಿ ಲೋಕೊ ಪೈಲಟ್ ಹಾರ್ನ್ ಮಾಡುವ ಅಧಿಕಾರ ಎಲ್ಲ ವಲಯಗಳಲ್ಲೂ ಉಳಿದಿದೆ, ಉಳಿಯಲೂ ಬೇಕು.

ನೂರು ಅಡಿ ದೂರದಲ್ಲಿ ಕನಿಷ್ಠ 96 ಡೆಸಿಬೆಲ್ ಇರಬೇಕಾದ ಸದ್ದು ರಸ್ತೆಯಲ್ಲಿ ನಿಲ್ಲದೆ ಮಲಗುವ ಕೋಣೆಗಳನ್ನೂ ಹೊಗುತ್ತದೆ. ನಿದ್ರೆ ಮತ್ತು ಜೀವದ ನಡುವೆ ಒಂದನ್ನೇ ಆರಿಸಿಕೊಳ್ಳಬೇಕೆಂದು ಆ ಮನೆಗಳವರಿಗೆ ಹೇಳುವುದು ನ್ಯಾಯವಲ್ಲ. ವಾಹನಗಳ ಲೆಕ್ಕದ ಮೇಲೆ ನಿಂತ ಈ ವಾದ ಪಾದಚಾರಿಗಳಿಗೆ ಎಷ್ಟು ಅನ್ವಯಿಸುತ್ತದೆ, ತಡೆಗಳ ವೆಚ್ಚವನ್ನು ಬಡ ಪಟ್ಟಣಗಳು ಹೇಗೆ ಹೊರಬೇಕು ಎಂಬೆರಡು ಪ್ರಶ್ನೆಗಳು ಪ್ರತ್ಯೇಕ ಅಧ್ಯಯನ ಬೇಡುತ್ತವೆ.